ಕಟಿಂಗ್ ಮಾಸ್ಟರ ಕ್ಯಾನು

ಇಪ್ಪತ್ತು ವರ್ಷ ಬೇರೆಯವರ ಸೊಂಟ ಅಳೆದ ಕಟಿಂಗ್ ಮಾಸ್ಟರು ಒಂದು ದಿನ ಟೇಪನ್ನು ತಮ್ಮ ಸೊಂಟಕ್ಕೇ ಸುತ್ತಿ, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು. ಎರಡೇ ತಿಂಗಳಲ್ಲಿ ನಾಲ್ಕು ಇಂಚು ಏರಿತ್ತು. ಮುಖವೂ ಊದಿತ್ತು, ಕೈಕಾಲು ಮಾತ್ರ ಕಡ್ಡಿ.

ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಾಗಿರಬಹುದೆಂದು ಡಾಕ್ಟರಿಗೆ ಅನುಮಾನ. ಕಿಡ್ನಿಯ ನೆತ್ತಿಯ ಮೇಲೆ ಟೋಪಿಯಂತೆ ಕೂತ ಗ್ರಂಥಿಯಲ್ಲಿ ಗಡ್ಡೆಯಿದ್ದರೆ ಆಪರೇಷನ್ ಅಂದರು. ಐದು ಲೀಟರಿನ ಬಿಳಿ ಕ್ಯಾನು ಕೊಟ್ಟು, ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಹನಿಯೂ ಬಿಡದೆ ಹಿಡಿದು ತರಲು ಹೇಳಿದರು.

ಮಾಸ್ಟರು ಕ್ಯಾನನ್ನು ಕೋಟಿನ ಒಳಗೆ ಹಾಕುವ ಅಸ್ತರಿನ ಬಟ್ಟೆಯಲ್ಲಿ ಸುತ್ತಿ ಅಂಗಡಿಗೆ ತಂದು, ಹಿಂದಿನ ಕೋಣೆಯಲ್ಲಿ ಐಸ್ ತುಂಬಿದ ಬಕೆಟ್ಟಿನಲ್ಲಿಟ್ಟರು. ಹತ್ತು ಗಂಟೆಗೆಲ್ಲ ಗುಟ್ಟು ರಟ್ಟಾಗಿತ್ತು. ಯಾವ ಮಾತ್ರೆ ನುಂಗಿ ಹೀಗಾಯಿತೆಂದು ಕಾಜಾ ಹೊಲಿಯುವ ಅಕ್ಕ ಕೇಳಿದಳು. ಮಾತ್ರೆಯಲ್ಲ, ಈ ಹಾರ್ಮೋನನ್ನು ದೇಹವೇ ತಯಾರಿಸುತ್ತದೆ, ಚಿಂತೆಯಿದ್ದಾಗ ಇನ್ನೂ ಜಾಸ್ತಿ ಎಂದರು ಮಾಸ್ಟರು.

"ಹಾಗಾದ್ರೆ ಅದನ್ನ ತಯಾರಿಸ್ತಿರೋದು ನೀವಲ್ಲ ಬಿಡಿ, ನಮ್ಮ ಅಂಗಡಿ ಸಾಹುಕಾರ್ರು," ಅಂದಳು ಅಕ್ಕ.

ಕ್ಯಾನು ತುಂಬಬೇಕೆಂದು ಎಲ್ಲರೂ ಸೇರಿ ಅವರಿಗೆ ನೀರು ಕುಡಿಸಿದ್ದೇ ಕುಡಿಸಿದ್ದು. ಮಾಸ್ಟರು ಮತ್ತೆ ಮತ್ತೆ ಎದ್ದು ಓಡುತ್ತಿದ್ದರೆ, ಅರ್ಧ ಅಳತೆ ಕೊಟ್ಟ ಗಿರಾಕಿ ಕೈ ಮೇಲೆತ್ತಿಕೊಂಡೇ ನಿಂತಿರಬೇಕಾಯಿತು. ಮಧ್ಯಾಹ್ನ ತಡವಾಗಿ ಬಂದ ಇಸ್ತ್ರಿಯವನು ಸಾಹುಕಾರರಿಂದ ಬೈಸಿಕೊಂಡು, ಕಟ್ಟಿದ ಮೂಗು ಒರೆಸುತ್ತ ನೇರ ಹಿಂದಿನ ಕೋಣೆಗೆ ನಡೆದ. ಮರುದಿನ ಬೆಳಿಗ್ಗೆ ಕ್ಯಾನು ಭರ್ತಿಯಾಗಿ ಡಾಕ್ಟರ ಮೇಜು ಸೇರಿತು.

ಮೂರು ದಿನ ಮಾಸ್ಟರಿಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಡಾಕ್ಟರು ವರದಿ ನೋಡಿ, ಎಲ್ಲ ಸರಿಯಿದೆ, ತಿನ್ನೋದು ಕಡಿಮೆ ಮಾಡಿ ಸಾಕು ಅಂದರು. ಮಾಸ್ಟರಿಗೆ ಹೋದ ಜೀವ ಬಂದಂತಾಯಿತು. ತಮ್ಮ ಬಿಳಿ ಕೋಟಿನ ಕಾಲರು ಸವರುತ್ತ, ನಿಮ್ಮ ಅಂಗಡಿಯ ಇಸ್ತ್ರಿ ಈ ಸಲ ಬಹಳ ಚೆನ್ನಾಗಿ ಕೂತಿದೆ ಎಂದೂ ಡಾಕ್ಟರು ಹೊಗಳಿದರು.

ಮಾಸ್ಟರು ಅಂಗಡಿಗೆ ಬಂದು ಎಲ್ಲರಿಗೂ ಸಿಹಿ ಹಂಚಿದರು. ಇಸ್ತ್ರಿಯವನು ಮಾತ್ರ ಕೈ ಚಾಚಲಿಲ್ಲ.

"ನೀವು ಬದುಕಿಕೊಂಡ್ರಲ್ಲ ಮಾಸ್ಟ್ರೇ, ಈಗ ಹೇಳಿಬಿಡ್ತೀನಿ. ಅವತ್ತು ನಲ್ಲೀಲಿ ನೀರು ಬರ್ತಿರಲಿಲ್ಲ. ಮೂಗು ಬೇರೆ ಕಟ್ಟಿತ್ತು. ಬಕೆಟ್ಟಿನಲ್ಲಿದ್ದ ಕ್ಯಾನಿಂದಾನೇ ಬಟ್ಟೆಗೆ ಚಿಮುಕಿಸಿಬಿಟ್ಟೆ. ಸಂಜೆ ಅಕ್ಕ ಹೇಳಿದ ಮೇಲೇ ಅದೇನು ಅಂತ ಗೊತ್ತಾಗಿದ್ದು. ಅಷ್ಟೊತ್ತಿಗೆ ನಲ್ಲಿ ಬಂದಿತ್ತು, ಕಡಿಮೆ ಆಗಬಾರದು ಅಂತ ಎರಡು ಚೊಂಬು ಜಾಸ್ತಿನೇ ಹಾಕಿಟ್ಟೆ."

ಮಾಸ್ಟರ ಕೈಯಲ್ಲಿದ್ದ ಸಿಹಿ ಅಲ್ಲೇ ಉಳಿಯಿತು. ಯಾರ ಬಟ್ಟೆಗೆ ಎಂದು ಮೆಲ್ಲಗೆ ಕೇಳಿದರು. ಅವನು ಹೇಳಿದ.

ಅರ್ಧ ಗಂಟೆಯಲ್ಲಿ ಮಾಸ್ಟರು ಮತ್ತೆ ಡಾಕ್ಟರ ಮುಂದೆ ನಿಂತಿದ್ದರು. ಏನಾಯಿತೆಂದು ಡಾಕ್ಟರು ಕೇಳಿದರು.

"ಅಳತೆ ತಪ್ಪಿದೆ ಸಾರ್, ಇನ್ನೊಂದು ಕ್ಯಾನ್ ಕೊಡಿ. ಹಾಗೇ ಆ ಕೋಟೂ ಬಿಚ್ಚಿ ಕೊಡಿ, ಒಗೆಸಿಕೊಂಡು ಬರ್ತೀನಿ."