ಅಪರಿಚಿತರ ಪಂಕ್ತಿ

ಊರಿನವರನ್ನು ಒಂದೆಡೆ ಕೂರಿಸಿ ಉಣ್ಣಿಸಲು ಹೊರಟವನಿಗೆ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಆಗದೆ ಮುಗಿದ ಊಟವೊಂದು ನನ್ನ ನೆನಪಿನಲ್ಲಿಲ್ಲ.

ಹೊರಟದ್ದೇಕೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸಮಾಜಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು ಕುಂದಾಪುರದ ಬಾಡಿಗೆ ಕೋಣೆಯೊಂದರಲ್ಲಿದ್ದೆ. ಹೋಟೆಲಿನಲ್ಲಿ ಕೈತೊಳೆಯುವ ತೊಟ್ಟಿಯ ಪಕ್ಕದ, ಗೋಡೆಗೆ ಮುಖ ಮಾಡಿದ ಕುರ್ಚಿ ನನಗೆ ಕಾಯಂ ಆಗಿತ್ತು. ವಿಶ್ವವಿದ್ಯಾಲಯವು ಸಮಾಜದ ಬಗ್ಗೆ ಎಲ್ಲವನ್ನೂ ಕಲಿಸಿತ್ತು. ಎದುರು ಕೂತು ಉಣ್ಣಲು ಒಬ್ಬರನ್ನು ಮಾತ್ರ ಕೊಟ್ಟಿರಲಿಲ್ಲ. ಆದ್ದರಿಂದ ಒಂದು ಯೋಜನೆ ಹಾಕಿದೆ. ತಿಂಗಳಿಗೊಂದು ಭಾನುವಾರ, ಪ್ರತಿ ಸಲವೂ ಬೇರೆ ಊರು, ಒಂದು ಮಧ್ಯಾಹ್ನದ ಮಟ್ಟಿಗಷ್ಟೇ ನಡೆಯುವ ಊಟದ ಮನೆ. ಗುರುತಿಲ್ಲದವರು ಗುರುತಿಲ್ಲದವರ ಪಕ್ಕ ಕೂರಬೇಕು. ಬಾಗಿಲಲ್ಲೊಂದು ಡಬ್ಬಿ, ಇಷ್ಟವಿದ್ದಷ್ಟು ಹಾಕಬಹುದು. ಅವರ ನಡುವೆ ಎಲ್ಲಾದರೂ ನನಗೂ ಒಂದು ಜಾಗ ಸಿಕ್ಕೀತು ಎಂಬುದು ನಾನು ಯಾರಿಗೂ ಹೇಳದ ಲೆಕ್ಕಾಚಾರ.

ಬಸ್ರೂರು: ಉದ್ದದ ಮೇಜು

ಮುಚ್ಚಿದ ಹಂಚಿನ ಗೋದಾಮೊಂದನ್ನು ಗುಡಿಸಿ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಮೇಜು ಹಾಕಿಸಿದೆ. ಹನ್ನೆರಡಕ್ಕೇ ಜನ ಬಂದರು. ಮೊದಲು ಬಂದವರು ಸ್ಕೂಟರಿನಿಂದ ಇಳಿಯಲೇ ಇಲ್ಲ.

"ಹ್ವಾಯ್, ಪಾರ್ಸೆಲ್ ಇತ್ತಾ?"

"ಇಲ್ಲ. ಒಟ್ಟಿಗೆ ಕೂತು ಉಣ್ಣುವುದೇ ಇದರ ಉದ್ದೇಶ."

"ಕೂಕಂಡೇ ಉಂಬುದ್ ಮರಾಯ್ರೆ. ನಿಂತ್ಕಂಡ್ ಯಾರ್ ಉಂತ್ರ್? ಮನಿಗ್ ಹೋಯಿ ಕೂಕಂತೆ."

ಅವರ ಹಿಂದಿದ್ದವರೆಲ್ಲ ಬುತ್ತಿ ಪಾತ್ರೆಗಳನ್ನು ಮನೆಯಿಂದಲೇ ತಂದಿದ್ದರು. ಒಂದು ಗಂಟೆಯೊಳಗೆ ಅಡುಗೆ ಖಾಲಿಯಾಯಿತು. ಉದ್ದದ ಮೇಜಿಗೆ ನಾನೊಬ್ಬನೇ ಉಳಿದೆ. ಬೇಕಾದ ಕುರ್ಚಿಯನ್ನು ಆರಿಸಿಕೊಳ್ಳುವ ಸಂಪೂರ್ಣ ಸ್ವಾತಂತ್ರ್ಯವಿತ್ತು.

ಬ್ರಹ್ಮಾವರ: ಪರಿಚಯ

ಪಾರ್ಸೆಲ್ ನಿಷೇಧಿಸಿದೆ. ಮೇಜನ್ನು ಕೈಬಿಟ್ಟು ಬಾಳೆಲೆಯ ಪಂಕ್ತಿ ಹಾಕಿದೆ, ಏಕೆಂದರೆ ಪಂಕ್ತಿಯಲ್ಲಿ ಕೊನೆಯವರ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಜನರನ್ನು ಹಿಡಿದಿಡಲು ಸಂವಿಧಾನಕ್ಕಿಂತ ಬಲವಾದ ನಿಯಮವಿದು.

ಗುರುತಿಲ್ಲದ ಇಬ್ಬರು ಹಿರಿಯರನ್ನು ಅಕ್ಕಪಕ್ಕ ಕೂರಿಸಿ, "ಪರಸ್ಪರ ಪರಿಚಯ ಮಾಡಿಕೊಳ್ಳಿ" ಎಂದೆ. ಆ ತನಕ ಇಬ್ಬರೂ ಹುಳಿಯ ರುಚಿಯನ್ನು ಹೊಗಳುತ್ತ ನಗುತ್ತಿದ್ದರು.

"ನಿಮ್ ಮನಿ ಎಲ್ಲಾಯ್ತ್?" ಎಂದರು ಒಬ್ಬರು.

ಇನ್ನೊಬ್ಬರು ಹೇಳಿದರು. ಅನ್ನ ಕಲಸುತ್ತಿದ್ದ ಎರಡೂ ಕೈಗಳು ನಿಂತವು. ಅವರು ದೂರದ ಸಂಬಂಧಿಕರು. ಗದ್ದೆಯ ಅಂಚೊಂದರ ತಕರಾರಿನಲ್ಲಿ ಎರಡು ಮನೆಗಳೂ ಅಜ್ಜಂದಿರ ಕಾಲದಿಂದ ಮಾತು ಬಿಟ್ಟಿದ್ದವು. ಏಳುವಂತಿಲ್ಲವಾದ್ದರಿಂದ ಇಬ್ಬರೂ ಬೆನ್ನು ತಿರುಗಿಸಿಕೊಂಡೇ ಪಾಯಸದವರೆಗೆ ಉಂಡರು. ಸಾಲಿನ ತುದಿಯಲ್ಲಿದ್ದ ಹಲ್ಲಿಲ್ಲದ ಅಜ್ಜರೊಬ್ಬರು ಅಂದು ಬಹಳ ನಿಧಾನವಾಗಿ ಉಂಡರು.

ಕೈತೊಳೆದ ಮೇಲೆ ಆ ಇಬ್ಬರಲ್ಲೊಬ್ಬರು ನನ್ನನ್ನು ಬದಿಗೆ ಕರೆದರು. "ಎಂತಕ್ ಗುರ್ತ ಮಾಡ್ಸುಕ್ ಹೋದ್ರಿ? ಗುರ್ತಿಲ್ದಿರೆ ಚಂದ ಮಾಡಿ ಒಟ್ಟಿಗ್ ಉಂಡ್ಕಂಡ್ ಹೋಯ್ಲಕ್ಕಿತ್ತಲ್ಲ ಮರಾಯ್ರೆ!"

ಯಡ್ತರೆ: ಫ್ಲೆಕ್ಸ್

ಮೂರನೆಯ ಸಲ ಯಾರಿಗೂ ಏನನ್ನೂ ವಿವರಿಸುವುದಿಲ್ಲವೆಂದು ತೀರ್ಮಾನಿಸಿದೆ. ಯಡ್ತರೆಯ ರಸ್ತೆಬದಿಯಲ್ಲಿ ಶಾಮಿಯಾನ ಹಾಕಿಸಿ, "ಬನ್ನಿ, ಉಂಡು ಹೋಗಿ" ಎಂದಷ್ಟೇ ಬರೆದ ಫ್ಲೆಕ್ಸಿಗೆ ನನ್ನ ಹಳೆಯ ಫೋಟೋ ಕೊಟ್ಟೆ. ಸೆಕೆ ತಾಳಲಾರದೆ ಹಿಂದಿನ ದಿನವೇ ತಲೆ, ಮೀಸೆ ಎರಡನ್ನೂ ಬೋಳಿಸಿಕೊಂಡಿದ್ದೆ.

ಅಂದು ನಿರೀಕ್ಷೆಗೆ ಮೀರಿ ಜನ ಬಂದರು. ಪಾರ್ಸೆಲ್ ಕೇಳಲಿಲ್ಲ, ಜಗಳವಾಡಲಿಲ್ಲ. ತಲೆ ತಗ್ಗಿಸಿ, ಒತ್ತೊತ್ತಾಗಿ ಕೂತು ಮೆಲುದನಿಯಲ್ಲಿ ಮಾತನಾಡಿದರು. ಕಡೆಗೂ ಗೆದ್ದೆನೆಂದು ಸಾರಿನ ಬಕೆಟ್ ಹಿಡಿದು ಹೊರಟೆ.

"ಪಾಪದ್ ಹುಡ್ಗ. ಯಾರಿಗೂ ಒಂದ್ ಕೆಟ್ಟ ಮಾತ್ ಆಡ್ದವ ಅಲ್ಲ" ಎಂದರೊಬ್ಬರು.

"ಹೋಪ ಪ್ರಾಯವಾ ಅದ್?" ಎಂದರು ಪಕ್ಕದವರು. ನಾನು ದಾಟಿದ ಮೇಲೆ ದನಿ ತಗ್ಗಿಸಿದರು. "ತಲಿ ಬೋಳ್ಸಿದ್ದ, ಹೋದವ್ನ ತಮ್ಮ ಆಯ್ಕ್. ಕಣ್ಣಗೆ ಒಂದ್ ಹನಿ ನೀರಿಲ್ಲ ಕಾಣಿ."

ಬಕೆಟ್ ಇಟ್ಟು ರಸ್ತೆಗೆ ಓಡಿದೆ. ಬೆಳಗಿನಿಂದ ಅಡುಗೆಯ ಗಡಿಬಿಡಿಯಲ್ಲಿ ನಾನು ನೋಡಿರದ ಫ್ಲೆಕ್ಸಿನಲ್ಲಿ ನನ್ನ ಫೋಟೋದ ಸುತ್ತ ಹೂವಿನ ಹಾರ, ಎರಡೂ ಬದಿಗೆ ಉರಿಯುವ ದೀಪ. ಮುದ್ರಿಸಿದವನಿಗೆ ಫೋನ್ ಮಾಡಿದೆ.

"ಒಬ್ರದ್ದೇ ಫೋಟೋ, ಕೆಳ್ಗೆ ಊಟ ಅಂದ್ರೆ ಬೊಜ್ಜವೇ ಅಲ್ದಾ?" ಎಂದ ಅವನು. "ನೀವ್ ಬದ್ಕಿದ್ದದ್ ಮೊದ್ಲೇ ಹೇಳುಕಾಗ್ದಾ?"

ನನ್ನ ಉತ್ತರಕ್ರಿಯೆಯ ಊಟ ಒಳಗೆ ಸಾಂಗವಾಗಿ ನಡೆಯುತ್ತಿತ್ತು. ನಿಜ ಹೇಳಿದರೆ ಪಂಕ್ತಿಯೇ ಎದ್ದು ಹೋಗುತ್ತಿತ್ತು. ಅಲ್ಲದೆ, ನನ್ನ ಬಗ್ಗೆ ಒಳ್ಳೆಯ ಮಾತನಾಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಸುಮ್ಮನೆ ಮರಳಿ ಸೌಟು ಹಿಡಿದೆ.

ಸಾಲಿನ ನಡುವಿನ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಎಳೆದರು. ಪಕ್ಕಕ್ಕೆ ಸರಿದು, ಎಲೆ ಹಾಕಿಸಿದರು.

"ಕೂಕೋ ಮಗಾ. ಅಂವ ಹೋದ ಅಂದ್ಹೇಳಿ ನೀನ್ ಉಣ್ದೆ ಇಪ್ಪುಕೆ ಆತ್ತಾ?"

ಕೂತೆ. ಎರಡು ಬಾರಿ ಪಾಯಸ ಹಾಕಿಸಿಕೊಂಡೆ. ನನಗಾಗಿ ಇಡೀ ಪಂಕ್ತಿ ಕಾದು ಕೂತಿತು.

ಹೊರಡುವಾಗ ಒಬ್ಬರೂ "ಬತ್ತೆ" ಎನ್ನಲಿಲ್ಲ. ಸಾವಿನ ಮನೆಯಲ್ಲಿ ಹಾಗೆ ಹೇಳಿ ಹೊರಡುವ ಪದ್ಧತಿ ನಮ್ಮಲ್ಲಿಲ್ಲ. ಅಜ್ಜಿ ಮಾತ್ರ ಫ್ಲೆಕ್ಸಿನ ಕೆಳಗೆ ನಿಂತು ಫೋಟೋವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನನ್ನ ಬೋಳು ತಲೆಯನ್ನು ಸವರಿ, ಸುತ್ತಲೂ ಯಾರಿಲ್ಲವೆಂದು ಖಚಿತಪಡಿಸಿಕೊಂಡು, ಕಿವಿಯಲ್ಲಿ ಹೇಳಿದರು:

"ಹೋದವ್ರ್ ಬಗ್ಗೆ ಕೆಟ್ಟದ್ ಹೇಳುಕಾಗ. ಆದ್ರೂ ಅಂವನ್ಕಿಂತ ನೀನೇ ಚಂದ."