ಷಡ್ಡಕರಿಗೊಂದು ಲಾಗಿನ್

ತಪ್ಪು ನನ್ನದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರು ಬೇಕಾದರೂ ನಗಲಿ!

ನಾನು ಕೆಲಸ ಮಾಡುವುದು ದೊಡ್ಡಬಳ್ಳಾಪುರದ ಒಂದು ವಧೂವರರ ಮಾಹಿತಿ ಕೇಂದ್ರದಲ್ಲಿ. ಗಂಡು-ಹೆಣ್ಣುಗಳ ಹೆಸರು, ನಕ್ಷತ್ರ, ಎತ್ತರ ಎಲ್ಲವೂ ಕಂಪ್ಯೂಟರಿನ ಡೇಟಾಬೇಸಿನಲ್ಲಿವೆ. ಅದಕ್ಕೆ ಯಾರು ಕೈ ಹಾಕಬಹುದು, ಯಾರು ಹಾಕಬಾರದು ಎಂದು ತೀರ್ಮಾನಿಸುವ ಸಾರ್ವಭೌಮ ನಾನೊಬ್ಬನೇ. ಅಲ್ಲಿಗೆ ಹೊಸದಾಗಿ ಸೇರಿದವರು ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಇಲ್ಲೇ ನಮ್ಮ ತಾಲ್ಲೂಕಿನ ಮಧುರೆಯ ನಿವೃತ್ತ ಹೆಡ್‌ಮೇಷ್ಟ್ರು ಹನುಮಂತರಾಯಪ್ಪ. ಮಾವನ ಮನೆಯಲ್ಲಿ ಮೊದಲ ಎಲೆ ಯಾವಾಗಲೂ ಅವರಿಗೇ. ಅವರೆದುರು ನನಗಿದ್ದ ಒಂದೇ ದೊಡ್ಡಸ್ತಿಕೆ ಈ ಕಂಪ್ಯೂಟರು.

"ನಮ್ ಭಾವಂಗೆ ಏನೂ ಕಮ್ಮಿ ಮಾಡ್ಬೇಡಿ ಕಣ್ರೀ. ಆಮೇಲೆ ಅಕ್ಕನ ಕೈಲಿ ಅನ್ನಿಸ್ಕೊಳ್ಳೋಳು ನಾನು," ಎಂದಳು ಹೆಂಡತಿ ಸರೋಜ.

"ಎರಡು ನಿಮಿಷದ ಕೆಲ್ಸ!" ಎಂದೆ.

ನಿಜಕ್ಕೂ ಎರಡೇ ನಿಮಿಷದಲ್ಲಿ ಅವರ ಹೆಸರಿಗೆ ಖಾತೆ ತೆರೆದೆ. ಮೇಷ್ಟ್ರು ಕನ್ನಡಕ ಏರಿಸಿ ಲಾಗಿನ್ ಆದರು. ಪರದೆ ಖಾಲಿ! ಅನುಮತಿ ಕೊಡುವುದನ್ನೇ ಮರೆತಿದ್ದೆ.

"ಏನಪ್ಪಾ ಸೀನ, ಕರ್ದು ಕೂರ್ಸಿ ಬರೀ ಎಲೆ ಹಾಕ್ಬಿಟ್ಯಲ್ಲ?"

ಬೆವರು ಒರೆಸಿಕೊಂಡು 'ನೋಡಬಹುದು' ಎಂಬ ಚೌಕಕ್ಕೆ ಗುರುತು ಹಾಕಿದೆ. ಈಗ ಎಲ್ಲವೂ ಕಾಣುತ್ತಿತ್ತು. ಏನು ಒತ್ತಿದರೂ ಮಿಸುಕುತ್ತಿರಲಿಲ್ಲ.

"ನೋಡೋಕ್ ಮಾತ್ರಾನಾ? ಊಟ ಯಾವಾಗಪ್ಪಾ?"

ಪಕ್ಕದ ಮೇಜಿನ ಶಬಾನಾ ಮೆಲ್ಲಗೆ ಹೇಳಿದಳು, "ಸಾರ್, ಸೇರ್ಸೋದು, ತಿದ್ದೋದು ಕೊಡಿ ಸಾಕು. ಬೇರೆಯವರ ಅಕೌಂಟ್ ಡಿಲೀಟ್ ಮಾಡೋದು ಮಾತ್ರ ಕೊಡ್ಬೇಡಿ."

"ನೀನು ಸುಮ್ನಿರಮ್ಮ. ಮನೆ ದೊಡ್ಡಳಿಯಂಗೆ ಅಳೆದು ಸುರಿದು ಬಡಿಸೋಕಾಗುತ್ತಾ?" ಎಂದು ಇದ್ದಬದ್ದ ಚೌಕಗಳಿಗೆಲ್ಲ ಗುರುತು ಹಾಕಿ, ಎದೆಯುಬ್ಬಿಸಿಕೊಂಡು ಟೀ ಕುಡಿಯಲು ಹೊರಟೆ.

ಬಂದು ನೋಡಿದರೆ ನನ್ನ ಲಾಗಿನ್ನೇ ಆಗುತ್ತಿಲ್ಲ. ಇಂಥವರು ಇಲ್ಲಿ ಯಾರೂ ಇಲ್ಲ ಎನ್ನುತ್ತಿದೆ ಕಂಪ್ಯೂಟರು!

"ಅಣ್ಣಾ, ಅಡ್ಮಿನ್ ಅಂತ ಒಂದು ಅಕೌಂಟ್ ಇತ್ತಲ್ಲಾ?"

"ಪಟ್ಟಿ ಸಿಕ್ತು, ಹಾಜರಿ ತಗೊಂಡೆ ಕಣಪ್ಪ. ಶಬಾನಾ ಅಂದೆ, ಆಯಮ್ಮ ಹಾಜರ್ ಅಂದ್ಳು. ಅಡ್ಮಿನ್ ಅಂತ ಮೂರ್ ಸಲ ಕೂಗ್ದೆ, ಯಾರೂ ಉಸಿರೆತ್ತಲಿಲ್ಲ. ಹೊಡ್ದಾಕ್ದೆ."

"ಅಯ್ಯೋ, ಅದು ನಾನು ಅಣ್ಣಾ!"

"ಹಂಗಾದ್ರೆ ಕ್ಲಾಸ್ ಟೈಮಲ್ಲಿ ಎಲ್ಲೋಗಿದ್ದೆ?"

ವಿಷಯ ಕೇಳಿದ ನಮ್ಮ ಕೇಂದ್ರದ ಕಾರ್ಯದರ್ಶಿಗಳು ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, "ಇನ್ಮೇಲೆ ಮೇಷ್ಟ್ರೇ ನೋಡ್ಕೊಳ್ಳಲಿ ಬಿಡಿ," ಎಂದುಬಿಟ್ಟರು. ಮೇಷ್ಟ್ರು ನನಗೊಂದು ಹೊಸ ಖಾತೆ ತೆರೆದುಕೊಟ್ಟರು. ಒಂದೇ ಒಂದು ಗುರುತು: 'ನೋಡಬಹುದು.'

"ಮೊದ್ಲು ಕೆಲ್ಸ ಕಲ್ತ್ಕೋ, ಮಿಕ್ಕಿದ್ದು ಆಮೇಲ್ ನೋಡಣ."

ಹೊಟ್ಟೆ ಉರಿಯಿತು. ಆದರೆ ನಾನು ಬಗ್ಗಲಿಲ್ಲ! ಇನ್ನೊಂದು ಅನುಮತಿ ಕೊಡಿ ಎಂದು ಇವತ್ತಿನವರೆಗೂ ಬಾಯಿ ಬಿಟ್ಟು ಕೇಳಿಲ್ಲ. ಸರೋಜ ಹೇಳಿದರೂ ಕೇಳುವುದಿಲ್ಲ. ದಿನಾ ಬೆಳಿಗ್ಗೆ ಮೇಷ್ಟ್ರು ಹಾಜರಿ ಕೂಗುತ್ತಾರೆ. ಶಬಾನಾ ಎದ್ದು ನಿಂತು ಹಾಜರ್ ಎನ್ನುತ್ತಾಳೆ. ನಾನು ಏಳುವುದೇ ಇಲ್ಲ.

ಕೂತಲ್ಲಿಂದಲೇ ಹಾಜರ್ ಎನ್ನುತ್ತೇನೆ!