ಮಾರೆಪ್ಪನ ಗುಟ್ಟಿನ ಉಪವಾಸ

ಕಾರಟಗಿಯಲ್ಲಿ ‘ಊಟ ಆತೇನ್ರಿ?’ ಎನ್ನುವುದು ಪ್ರಶ್ನೆಯಲ್ಲ, ನಮಸ್ಕಾರ. ಅದಕ್ಕೆ ‘ಆತ್ರಿ’ ಎನ್ನುವುದೂ ಉತ್ತರವಲ್ಲ, ಮರುನಮಸ್ಕಾರ. ಹೊಟ್ಟೆ ತಾಳ ಹಾಕುತ್ತಿದ್ದರೂ ‘ಆತ್ರಿ’ ಅಂದು ಮುಂದೆ ನಡೆಯಬೇಕು. ಅಪ್ಪಿತಪ್ಪಿ ‘ಇಲ್ರಿ’ ಅಂದರೋ, ಕೇಳಿದವರು ಕೈಹಿಡಿದು ಒಳಗೆ ಕರೆದು ಉಣ್ಣಿಸದೆ ಬಿಡುವಂತಿಲ್ಲ. ಊರಿನ ಮಾನ ಮರ್ಯಾದೆಯೆಲ್ಲ ಈ ಒಂದು ಸಣ್ಣ ಸುಳ್ಳಿನ ಮೇಲೆ ನಿಂತಿದೆ ಅಂದರೂ ತಪ್ಪಿಲ್ಲ.

ಆ ಶುಕ್ರವಾರ ಮಾರೆಪ್ಪ ಈ ಸುಳ್ಳು ಹೇಳುವಂತಿರಲಿಲ್ಲ.

ಮಾರೆಪ್ಪ ಅಕ್ಕಿ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುವವನು. ಮದುವೆಯಾದ ಮೇಲೆ ಹೆಂಡತಿ ಅಂಜಲಿಯ ಜೊತೆ ಚರ್ಚಿಗೆ ಹೋಗತೊಡಗಿದ, ಆಮೇಲೆ ದೀಕ್ಷಾಸ್ನಾನವನ್ನೂ ಮಾಡಿಸಿಕೊಂಡ. ಉಳಿದವರು ಪ್ರಸಂಗ ಕೇಳಿ ಚರ್ಚಿನ ಬಾಗಿಲಲ್ಲೇ ಬಿಟ್ಟುಹೋದರೆ, ಇವನು ಅದನ್ನು ಗಂಟು ಕಟ್ಟಿ ಮನೆಗೆ ಒಯ್ಯುವವನು. ಇವನು ಮುಂದಿನ ಸಾಲಿನಲ್ಲಿ ಕೂತರೆ ಪಾಸ್ಟರಿಗೇ ಒಂದಿಷ್ಟು ಭಯ.

‘ಹೌದಾದರೆ ಹೌದೆನ್ನಿ, ಇಲ್ಲವಾದರೆ ಇಲ್ಲವೆನ್ನಿ’ ಎಂದು ಪಾಸ್ಟರು ಹೇಳಿದ ಭಾನುವಾರದ ಮರುವಾರವೇ ಅನಾಹುತವಾಯಿತು. ಮಾರೆಪ್ಪನ ಅಣ್ಣ ದ್ಯಾಮಣ್ಣನ ಮಗಳು ಗಂಗಾಳನ್ನು ನೋಡಲು ಕುಷ್ಟಗಿಯಿಂದ ಗಂಡಿನ ಕಡೆಯವರು ಬಂದಿದ್ದರು. “ಹುಡುಗಿ ಅಡಗಿ ಛಲೋ ಮಾಡ್ತಾಳೇನ್ರಿ?” ಎಂದು ಅವರು ಕೇಳಿದ್ದು ದ್ಯಾಮಣ್ಣನನ್ನಲ್ಲ, ಪಕ್ಕದಲ್ಲಿ ಕೂತಿದ್ದ ಮಾರೆಪ್ಪನನ್ನು. “ಅನ್ನ ಹೊತ್ತಸ್ತಾಳ್ರಿ. ಆದ್ರ ಮನಸು ಬಂಗಾರ” ಅಂದ ಮಾರೆಪ್ಪ. ಬಂದವರಿಗೆ ಮೊದಲನೆಯ ಮಾತಷ್ಟೇ ಕೇಳಿಸಿತು.

ಅಂದಿನಿಂದ ದ್ಯಾಮಣ್ಣ ತಮ್ಮನ ಜೊತೆ ಮಾತು ಬಿಟ್ಟ. ದೇವರು ಬೇರೆಯಾದಾಗ ಆಗದ ಜಗಳ ಹೊತ್ತಿದ ಅನ್ನಕ್ಕಾಗಿ ಆಯಿತು. ಎರಡೂ ಮನೆಗೆ ಗೋಡೆ ಒಂದೇ, ಅಂಗಳದ ನಳವೂ ಒಂದೇ. ನಳ ಬಂದಾಗ ಮಾರೆಪ್ಪ ಕೈಯಳತೆಯಲ್ಲೇ ನಿಂತಿದ್ದರೂ ದ್ಯಾಮಣ್ಣ ಒಳಗಿನ ಅಂಜಲಿಯನ್ನು ಕೂಗುತ್ತಿದ್ದ: “ಅಂಜಲಿ, ನಿನ್ನ ಗಂಡಗ ಹೇಳವ್ವ, ನೀರ ಬಂದಾವ.”

ಅವ್ವ ಸತ್ತಾಗ ಮಾರೆಪ್ಪ ಇನ್ನೂ ಚಡ್ಡಿ ಕಟ್ಟಿಕೊಳ್ಳಲು ಬಾರದವನು. ತುತ್ತು ಮಾಡಿ ಉಣಿಸಿ ಬೆಳೆಸಿದವನು ಅಣ್ಣನೇ. ಆ ಬಾಯಿಂದ ‘ಏ ಮಾರ್ಯಾ’ ಎನ್ನುವ ಒಂದು ಕೂಗು ಕೇಳಲಿ ಸಾಕು ಎಂದು ಅವನು ಆ ಶುಕ್ರವಾರ ಹೊತ್ತು ಮುಳುಗುವ ತನಕ ಉಪವಾಸ ಹಿಡಿದ. ಪಾಸ್ಟರು ಅದಕ್ಕೂ ಒಂದು ಕಟ್ಟಳೆ ಹೇಳಿಬಿಟ್ಟಿದ್ದರು: ಉಪವಾಸವನ್ನು ಊರಿಗೆ ಸಾರಬೇಡ, ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿಕೊಂಡು ನಗುನಗುತ್ತಾ ಇರು, ಅದು ದೇವರಿಗೊಬ್ಬನಿಗೆ ಗೊತ್ತಿದ್ದರೆ ಸಾಕು.

ಹಾಗಾಗಿ ಮಾರೆಪ್ಪ ಹೆಂಡತಿಗೂ ಹೇಳಲಿಲ್ಲ. ಅಂಜಲಿ ಸಾಲಿಯ ಬಿಸಿಯೂಟದ ಅಡುಗೆಗೆ ಬೆಳಿಗ್ಗೆಯೇ ಹೊರಡುವವಳು. “ರೊಟ್ಟಿ ಮುಚ್ಚಿಟ್ಟೀನಿ, ಡಬ್ಬಿ ಕಟ್ಟೀನಿ, ಉಂಡು ಹೋಗ್ರಿ” ಅಂದಳು. ‘ಹೂಂ’ ಅಂದರೆ ಸುಳ್ಳಾದೀತೆಂದು ಮಾರೆಪ್ಪ ಕೆಮ್ಮಿದ. ಅವಳು ಹೋದ ಮೇಲೆ ಕೊಬ್ಬರಿ ಎಣ್ಣೆಯನ್ನು ಎಷ್ಟು ಸುರಿದುಕೊಂಡನೆಂದರೆ, ಅದು ಹಣೆಯಿಂದ ಇಳಿದು ಹುಬ್ಬಿನಲ್ಲಿ ನಿಂತಿತು.

ಓಣಿಯ ತಿರುವಿನಲ್ಲಿ ಶಿವಬಸಮ್ಮ ಮಂಡಕ್ಕಿ ಒಗ್ಗರಣೆ ಕೈಯಾಡಿಸುತ್ತಿದ್ದಳು. ಓಣಿಯ ಸುದ್ದಿಯೆಲ್ಲ ಅವಳ ಬಾಣಲೆಯಲ್ಲಿ ಒಮ್ಮೆ ಮಗುಚಿಯೇ ಮುಂದೆ ಹೋಗುತ್ತಿತ್ತು.

“ಮಾರೆಪ್ಪಾ, ನಾಷ್ಟಾ ಆತೇನಪಾ?”

“ನಿಮ್ದು ಆತೇನ್ರಿ, ಅಕ್ಕಾರ?”

“ನಂದು ಆತು. ನಿಂದು?”

“ನಿಮ್ಮ ಎಮ್ಮಿ ಈದೈತೇನ್ರಿ?”

“ಎಮ್ಮಿ ಸುದ್ದಿ ಆಮ್ಯಾಲ. ನಾಷ್ಟಾ ಆತೋ ಇಲ್ಲೋ?”

ಮಾರೆಪ್ಪ ಎಣ್ಣೆ ಒರೆಸಿಕೊಂಡ. “ಇಲ್ರಿ” ಅಂದ.

ಶಿವಬಸಮ್ಮ ಸೌಟು ಕೆಳಗಿಟ್ಟಳು. ಇಷ್ಟು ವರ್ಷದಲ್ಲಿ ಆ ಪ್ರಶ್ನೆಗೆ ಅಂಥ ಉತ್ತರ ಅವಳು ಕೇಳಿದ್ದೇ ಇಲ್ಲ. “ಬಾ, ಕೂಡು” ಎಂದು ತಟ್ಟೆ ತುಂಬಾ ಒಗ್ಗರಣೆ ಹಾಕಿ, ಮೇಲೆರಡು ಮಿರ್ಚಿ ಇಟ್ಟಳು.

“ಬ್ಯಾಡ್ರಿ.”

“ಯಾಕ? ಅಂಜಲಿ ರೊಟ್ಟಿ ಮಾಡಿಲ್ಲೇನ?”

“ಮಾಡ್ಯಾಳ್ರಿ.”

“ಮತ್ತ ಉಣ್ಣಾಕ ಏನ ಧಾಡಿ?”

ಮಾರೆಪ್ಪ ತಟ್ಟೆಯನ್ನು ಹಿಂದಕ್ಕೆ ಸರಿಸಿದ. ಬಿಸಿ ಮಿರ್ಚಿಯ ಘಾಟು ಮೂಗಿಗೇರಿ ಕಣ್ಣಲ್ಲಿ ನೀರು ತುಂಬಿತು. ಶಿವಬಸಮ್ಮನಿಗೆ ಅಷ್ಟೇ ಸಾಕಾಯಿತು. ಹೆಂಡತಿಯ ಹಿಂಸೆಗೆ ಕಣ್ಣೀರಿಡುವ ಗಂಡಸನ್ನು ಕಣ್ಣಾರೆ ಕಂಡಿದ್ದೇನೆ ಎಂದು ಅವಳು ಬಾಣಲೆ ಇಳಿಸುವ ಮೊದಲೇ ಮೂರು ಮನೆಗೆ ತಿಳಿಸಿದಳು.

ಗಿರಣಿಯಲ್ಲಿ ಮಧ್ಯಾಹ್ನ ಎಲ್ಲರೂ ಸುತ್ತ ಕೂತು ಡಬ್ಬಿ ಬಿಚ್ಚಿದರು. ಮಾರೆಪ್ಪ ತನ್ನ ಡಬ್ಬಿಯನ್ನು ನಡುವೆ ತಳ್ಳಿದ. “ನೀವು ಉಣ್ರಿ. ನಂಗ ಇವತ್ತ ಬ್ಯಾಡ.” ಎಣ್ಣೆಗಾಯಿ ಕ್ಷಣಾರ್ಧದಲ್ಲಿ ಖಾಲಿಯಾಯಿತು. ಗಿರಣಿಯ ಗುಮಾಸ್ತ ದೇವೇಂದ್ರಪ್ಪ ಬೆರಳು ಚೀಪುತ್ತಾ ಯೋಚನೆಗೆ ಬಿದ್ದ. ಅವನ ಮನೆ ಶಿವಬಸಮ್ಮನ ಮನೆಯ ಹಿಂದೆಯೇ, ಅಲ್ಲಿಂದ ಫೋನು ಆಗಲೇ ಬಂದಿತ್ತು.

“ಹೆಂಡ್ತಿ ಕಟ್ಟಿದ ಡಬ್ಬಿ ಮುಟ್ಟವಲ್ಲಿ ಅಂದ್ರ ಜಗಳ ಭಾಳ ಆಳಕ್ಕ ಹೋಗೈತಿ” ಅಂದ ದೇವೇಂದ್ರಪ್ಪ.

“ಜಗಳ ಇಲ್ರಿ, ಸಾಹೇಬ್ರ.”

“ಆರಾಮ ಇಲ್ಲೇನ?”

“ಆರಾಮ ಅದೀನ್ರಿ.”

“ಮತ್ತೇನು?”

ಮಾರೆಪ್ಪ ಪಾಸ್ಟರು ಹೇಳಿದಂತೆ ನಗುನಗುತ್ತಾ ಕೂತ. ಆ ನಗು ಕಂಡು ದೇವೇಂದ್ರಪ್ಪನಿಗೆ ಎದೆ ಝಲ್ಲೆಂದಿತು. ಮನುಷ್ಯ ತೀರಾ ನೊಂದಾಗ ಹೀಗೇ ನಗುತ್ತಾನೆ ಎಂದು ಅವನು ಓಣಿಗೆ ಮರಳಿ ಫೋನು ಮಾಡಿದ.

ಸಂಜೆ ಮಾರೆಪ್ಪ ಮನೆ ಮುಟ್ಟಿದಾಗ ಅಂಗಳ ತುಂಬಾ ಹೆಂಗಸರು. ಒಬ್ಬೊಬ್ಬರ ಕೈಯಲ್ಲೂ ಮುಚ್ಚಿದ ಪಾತ್ರೆ. ನಡುವೆ ಅಂಜಲಿ, ಸಾಲಿಯಿಂದ ಬಂದವಳು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

“ಏನ ತಪ್ಪು ಮಾಡಿದ್ರೂ ಗಂಡಗ ಅನ್ನ ಬಂದ್ ಮಾಡಬಾರದವ್ವ” ಎನ್ನುತ್ತಿದ್ದಳು ಶಿವಬಸಮ್ಮ.

ಅಂಜಲಿ ಗಂಡನತ್ತ ತಿರುಗಿದಳು. “ನೀವ ಹೇಳ್ರಿ. ನಾ ಮುಂಜಾನೆ ರೊಟ್ಟಿ ಮಾಡಿದ್ನೋ ಇಲ್ಲೋ?”

“ಮಾಡಿದ್ದಿ.”

“ಉಂಡ್ರೋ ಇಲ್ಲೋ?”

“ಇಲ್ಲ.”

“ಡಬ್ಬಿ?”

“ಮಂದಿಗೆ ಕೊಟ್ಟೆ.”

“ಯಾಕ?”

ಊರಿಗೆಲ್ಲ ಅಡುಗೆ ಮಾಡಿ ಹಾಕುವ ಹೆಣ್ಣು, ಗಂಡನನ್ನು ಉಪವಾಸ ಕೆಡವಿದವಳಾಗಿ ನಿಂತಿದ್ದಳು. ಮಾರೆಪ್ಪನಿಗೆ ಸಂಕಟವಾಯಿತು. ಗುಟ್ಟು ಹಾಳಾದರೆ ಆಗಲಿ, ದೇವರು ಅರ್ಥ ಮಾಡಿಕೊಂಡಾನು, ಇವಳ ಮಾನ ದೊಡ್ಡದು ಎಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದ ಮನೆಯ ಬಾಗಿಲು ತೆರೆಯಿತು.

ದ್ಯಾಮಣ್ಣ ತಾಟು ಹಿಡಿದು ಬಂದ. ರೊಟ್ಟಿ, ಪುಂಡಿಪಲ್ಯ. ಕಣ್ಣು ಕೆಂಪಾಗಿತ್ತು.

“ಏ ಮಾರ್ಯಾ, ಬಾ, ಉಣ್ಣು. ನಾ ಜೀವಂತ ಇರೂತನಕ ನೀ ಹಸಗೊಂಡು ತಿರಗೂದ? ಅವ್ವ ಮ್ಯಾಲಿಂದ ನೋಡಿದ್ರ ನನಗೇನಂದಾಳು?”

ಮಾರೆಪ್ಪ ಪಡುವಣಕ್ಕೆ ನೋಡಿದ. ಹೊತ್ತು ಇನ್ನೂ ಗಿರಣಿಯ ಚಿಮಣಿಯ ಮೇಲೆ ಗೇಣುದ್ದ ಇತ್ತು. ಆದರೆ ಯಾವ ಮಾತಿಗಾಗಿ ಉಪವಾಸ ಹಿಡಿದಿದ್ದನೋ ಅದೇ ಮಾತು ತಾಟು ಹಿಡಿದು ಎದುರಿಗೆ ನಿಂತಿತ್ತು. ಅಣ್ಣ ತುತ್ತು ಮುರಿದು ಬಾಯಿಗಿಟ್ಟ. ಮಾರೆಪ್ಪ ಅಳುತ್ತಾ ಉಂಡ.

“ಹೆಂಗೈತಿ? ಗಂಗಾ ಮಾಡ್ಯಾಳ” ಅಂದ ದ್ಯಾಮಣ್ಣ.

ಇಡೀ ಅಂಗಳ ಮಾರೆಪ್ಪನ ಬಾಯಿಯನ್ನೇ ನೋಡಿತು. ಪಲ್ಯ ತಳ ಹೊತ್ತಿತ್ತು, ವಾಸನೆ ಎಲ್ಲರಿಗೂ ಬಂದಿತ್ತು. ಮಾರೆಪ್ಪ ಅಣ್ಣನ ಮುಖ ನೋಡಿದ, ಬಾಗಿಲ ಮರೆಯಲ್ಲಿದ್ದ ಗಂಗಾಳನ್ನು ನೋಡಿದ. ಎದೆಯ ಆಳದಿಂದ, ಎಳ್ಳಷ್ಟೂ ಸುಳ್ಳಿಲ್ಲದೆ ಹೇಳಿದ:

“ಅಣ್ಣಾ, ನನ್ನ ಜೀವಮಾನದಾಗ ಇಷ್ಟು ರುಚಿ ಊಟ ನಾ ಉಂಡಿಲ್ಲ.”

ದ್ಯಾಮಣ್ಣ ತಮ್ಮನನ್ನು ತಬ್ಬಿಕೊಂಡ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಪಾಪ, ಎಷ್ಟು ಹಸಿದಿತ್ತೋ, ಹೊತ್ತಿದ್ದೂ ರುಚಿ ಹತ್ತೇತಿ” ಎಂದಳು ಶಿವಬಸಮ್ಮ.

ಅಂಜಲಿ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಮಾರೆಪ್ಪ ಬಾಗಿಲ ಹೊರಗೆ ಕೂತು ಎಲ್ಲ ಹೇಳಿದ: ಉಪವಾಸ, ಪಾಸ್ಟರು, ಎಣ್ಣೆ, ಅಣ್ಣ. ಭಾವ ಮಾತಾಡಿದ್ದು ಅಂಜಲಿಗೂ ಸಂತೋಷವೇ. ಆದರೆ ಇಷ್ಟು ವರ್ಷ ತಾನು ಬಡಿದ ರೊಟ್ಟಿಯನ್ನೆಲ್ಲ ಓಣಿಯ ಎದುರು ಒಂದು ಹೊತ್ತಿದ ಪಲ್ಯಕ್ಕೆ ಸೋಲಿಸಿದ್ದನ್ನು ಯಾವ ಹೆಣ್ಣು ಸಹಿಸಿಯಾಳು? ಒಳಗಿನಿಂದ ಬಂದ ಉತ್ತರ ಒಂದು ಪಾತ್ರೆಯ ಸದ್ದು ಮಾತ್ರ.

ಮರುದಿನ ಬೆಳಿಗ್ಗೆ ನಳ ಬಂತು. ಅಂಜಲಿ ಕೊಡ ಹಿಡಿದು ಅಂಗಳಕ್ಕೆ ಬಂದಳು. ಮಾರೆಪ್ಪ ಕೈಯಳತೆಯಲ್ಲೇ ಹಲ್ಲುಜ್ಜುತ್ತಿದ್ದ. ಅವಳು ಅವನನ್ನು ದಾಟಿ ದ್ಯಾಮಣ್ಣನತ್ತ ನೋಡಿದಳು.

“ಭಾವಾರ, ನಿಮ್ಮ ತಮ್ಮಗ ಹೇಳ್ರಿ, ನೀರ ಬಂದಾವ.”

“ಏ ಮಾರ್ಯಾ, ನೀರ ಬಂದಾವಂತ” ಎಂದು ದ್ಯಾಮಣ್ಣ ಹಿಗ್ಗಿನಿಂದ ಕೂಗಿದ. “ನಾಷ್ಟಾ ಆತೇನೋ?”

ಮಾರೆಪ್ಪ ಒಳಗೆ ನೋಡಿದ. ಒಲೆ ಹೊತ್ತಿರಲಿಲ್ಲ. ಅವನು ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ ತಂದು ತಲೆಗೆ ಸುರಿದುಕೊಳ್ಳತೊಡಗಿದ.

ಅಂಜಲಿ ಓರೆಗಣ್ಣಿನಲ್ಲಿ ನೋಡಿದಳು. ತುಟಿಗೆ ಬಂದ ನಗೆಯನ್ನು ಕೊಡದ ಮರೆಗೆ ತಳ್ಳಿ ಮತ್ತೆ ದ್ಯಾಮಣ್ಣನನ್ನೇ ಕರೆದಳು.

“ಭಾವಾರ, ಎಣ್ಣಿ ತುಟ್ಟಿ ಆಗೈತಿ, ಅದನ್ನೂ ಹೇಳ್ರಿ ಅವರಿಗೆ.”